ಲೆಕ್ಕಕ್ಕೆ ಸಿಗದ ಮರಿಗಳು

ಸೀಲ್ ಮೇಯುವುದು ನೀರಿನಲ್ಲಿ, ಹೆರುವುದು ನೀರಿನ ಹೊರಗೆ. ಮರಿಗೆ ಹಾಲೂಡಿಸುವುದಕ್ಕೆ, ವರ್ಷಕ್ಕೊಮ್ಮೆ ಹಳೆಯ ಕೂದಲು ಉದುರಿಸಿ ಹೊಸದು ಬೆಳೆಸಿಕೊಳ್ಳುವುದಕ್ಕೆ, ದಣಿವಾರಿಸಿಕೊಳ್ಳುವುದಕ್ಕೆ ಅದಕ್ಕೊಂದು ಗಟ್ಟಿಯಾದ ತಾಣ ಬೇಕು. ಧ್ರುವಗಳ ಸುತ್ತ ಬದುಕುವ ಹಲವು ಜಾತಿಯ ಸೀಲ್‌ಗಳಿಗೆ ಈ ತಾಣ ನೆಲವಲ್ಲ, ಚಳಿಗಾಲದಲ್ಲಿ ಕಡಲ ನೀರೇ ಹೆಪ್ಪುಗಟ್ಟಿ ಆಗುವ ಮಂಜುಗಡ್ಡೆ. ಉಪಗ್ರಹಗಳು ಇದನ್ನು 1979ರಿಂದ ಸತತವಾಗಿ ಅಳೆಯುತ್ತಾ ಬಂದಿವೆ. ಆರ್ಕ್ಟಿಕ್‌ನಲ್ಲಿ ಬೇಸಿಗೆ ಮುಗಿಯುವ ಸೆಪ್ಟೆಂಬರ್ ಹೊತ್ತಿಗೆ ಉಳಿಯುವ ಮಂಜುಗಡ್ಡೆಯ ವಿಸ್ತಾರ 1981ರಿಂದ 2010ರ ಸರಾಸರಿಯಲ್ಲಿ ಸುಮಾರು 62 ಲಕ್ಷ ಚದರ ಕಿಲೋಮೀಟರ್. 2012ರ ಸೆಪ್ಟೆಂಬರ್‌ನಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು. ಚಳಿಗಾಲದ ಕೊನೆಯಲ್ಲಿ ತುಂಬಿ ನಿಲ್ಲುವ ಮಂಜುಗಡ್ಡೆಯೂ ಕುಗ್ಗುತ್ತಿದೆ. 2025ರ ಮಾರ್ಚ್‌ನಲ್ಲಿ ಅದರ ಗರಿಷ್ಠ ವಿಸ್ತಾರ 1 ಕೋಟಿ 43 ಲಕ್ಷ ಚದರ ಕಿಲೋಮೀಟರ್; ಉಪಗ್ರಹದ ದಾಖಲೆಯಲ್ಲಿ ಅದುವರೆಗೆ ಅಷ್ಟು ಕಡಿಮೆ ಎಂದೂ ಇರಲಿಲ್ಲ.

ಮಂಜುಗಡ್ಡೆ ಕುಗ್ಗಿದಂತೆ ಸೀಲ್‌ಗಳೂ ಕಡಿಮೆಯಾಗುತ್ತಿವೆಯೇ ಎಂದು ಕೇಳಿದರೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ಕೆಲವು ಕಡೆ ಸಂಖ್ಯೆ ಕುಸಿದಿದೆ, ಕೆಲವು ಕಡೆ ಲಕ್ಷಗಟ್ಟಲೆ ಉಳಿದಿದೆ, ಕೆಲವು ಕಡೆ ಏರಿದೆ. ಮುಂದಿನ ಸಂವಾದದಲ್ಲಿ ಈ ಪ್ರಶ್ನೆಯನ್ನು ಇಬ್ಬರು ಎರಡು ಕಡೆಯಿಂದ ಹಿಡಿದು ಎಳೆಯುತ್ತಾರೆ. ಒಬ್ಬರು ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಎಣಿಸಿ ತೋರಿಸದ ಮಾತನ್ನು ಸುಲಭಕ್ಕೆ ಒಪ್ಪದವರು. ಇನ್ನೊಬ್ಬಳು ಅವರಲ್ಲೇ ಓದಿ, ಈಗ ಕಡಲ ಪ್ರಾಣಿಗಳ ಸಂಶೋಧನೆಯಲ್ಲಿರುವ ವಿದ್ಯಾರ್ಥಿನಿ. ಪ್ರಾಣಿ ಬದುಕುವ ಬಗೆ ತಿಳಿದರೆ ಎಣಿಕೆಗಿಂತ ಮೊದಲೇ ಅಪಾಯ ಕಾಣುತ್ತದೆ ಎನ್ನುವವಳು.

ಮೇಷ್ಟ್ರು: ಮಂಜುಗಡ್ಡೆ ಕುಗ್ಗುತ್ತಿರೋದರಲ್ಲಿ ನನಗೆ ಅನುಮಾನ ಇಲ್ಲ ಕಣಮ್ಮ, ಅದನ್ನು ಅಳೆದಿದ್ದಾರೆ. ಆದರೆ ಮಂಜುಗಡ್ಡೆಯ ಅಂಕಿ ಇಟ್ಟುಕೊಂಡು ಸೀಲ್ ಬಗ್ಗೆ ತೀರ್ಪು ಕೊಟ್ಟರೆ ಹೇಗೆ? ರಿಂಗ್ಡ್ ಸೀಲ್‌ಗಳು ಹತ್ತಾರು ಲಕ್ಷ ಇವೆ ಅಂತ ನೀವೇ ಬರೀತೀರಿ. ಅಷ್ಟು ಇರೋ ಪ್ರಾಣಿಗೆ ಅಪಾಯ ಅನ್ನೋದು ಯಾವ ಲೆಕ್ಕ?

ವಿದ್ಯಾರ್ಥಿನಿ: ಆ ರಿಂಗ್ಡ್ ಸೀಲ್‌ನಿಂದಲೇ ಶುರು ಮಾಡೋಣ ಮೇಷ್ಟ್ರೇ. ಆರ್ಕ್ಟಿಕ್‌ನ ಸೀಲ್‌ಗಳಲ್ಲೆಲ್ಲ ಚಿಕ್ಕದು, ಮೈಮೇಲೆ ಉಂಗುರದ ಆಕಾರದ ಗುರುತು. ಕಡಲು ಹೆಪ್ಪುಗಟ್ಟುವಾಗಲೇ ಅದು ಉಸಿರಾಟಕ್ಕೆ ಅಲ್ಲಲ್ಲಿ ಕಿಂಡಿ ಇಟ್ಟುಕೊಳ್ಳುತ್ತದೆ. ಮಂಜುಗಡ್ಡೆ ಎರಡು ಮೀಟರ್ ದಪ್ಪ ಬೆಳೆದರೂ ಮುಂಗಾಲಿನ ಉಗುರುಗಳಿಂದ ಕೆರೆದು ಕೆರೆದು ಕಿಂಡಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಗಾಳಿ ಆ ಕಿಂಡಿಯ ಮೇಲೆ ಹಿಮ ತಂದು ರಾಶಿ ಹಾಕಿದಾಗ, ರಾಶಿಯೊಳಗೆ ಗುಹೆ ಕೊರೆದು, ಮಾರ್ಚ್-ಏಪ್ರಿಲ್‌ನಲ್ಲಿ ಅಲ್ಲೇ ಮರಿ ಹಾಕುತ್ತದೆ. ಹುಟ್ಟಿದ ಮರಿ ನಾಲ್ಕೈದು ಕಿಲೋ ತೂಗುತ್ತದೆ, ಮೈಯಲ್ಲಿ ಕೊಬ್ಬಿನ ಪದರವಿನ್ನೂ ಕಟ್ಟಿರುವುದಿಲ್ಲ. ಬಿಳಿ ಕೂದಲು ಒಣಗಿದ್ದರೆ ಬೆಚ್ಚಗಿಡುತ್ತದೆ, ನೆನೆದರೆ ಇಲ್ಲ. ಮರಿ ಐದಾರು ವಾರ ಹಾಲು ಕುಡಿದು ಮೈ ತುಂಬಿಕೊಳ್ಳುವವರೆಗೂ ಆ ಹಿಮದ ಛಾವಣಿ ನಿಲ್ಲಬೇಕು. ಚಳಿಗೂ ಅದೇ ತಡೆ, ಹಿಮಕರಡಿ ಮತ್ತು ಆರ್ಕ್ಟಿಕ್ ನರಿಗೂ ಅದೇ ತಡೆ.

ಮೇಷ್ಟ್ರು: ಹಾಗಾದರೆ ನೀನು ಹೇಳ್ತಿರೋದು ಮಂಜುಗಡ್ಡೆಯ ವಿಷಯ ಅಲ್ಲ, ಅದರ ಮೇಲೆ ಕೂರೋ ಹಿಮದ ವಿಷಯ.

ವಿದ್ಯಾರ್ಥಿನಿ: ಒಂದಿಲ್ಲದೆ ಇನ್ನೊಂದಿಲ್ಲ. ಆರ್ಕ್ಟಿಕ್‌ನಲ್ಲಿ ಹಿಮ ಹೆಚ್ಚಾಗಿ ಬೀಳುವುದು ಚಳಿಗಾಲದ ಆರಂಭದಲ್ಲಿ. ಆ ಹೊತ್ತಿಗೆ ಕಡಲು ಹೆಪ್ಪುಗಟ್ಟಿರದಿದ್ದರೆ ಬಿದ್ದ ಹಿಮವೆಲ್ಲ ನೀರಿನ ಪಾಲು. ಮುಂದೆ ತಡವಾಗಿ ಮಂಜುಗಡ್ಡೆ ಕಟ್ಟಿ, ಉಪಗ್ರಹಕ್ಕೆ ಬೆಳ್ಳಗೆ ಕಂಡರೂ ಅದರ ಮೇಲೆ ಗುಹೆ ಕೊರೆಯುವಷ್ಟು ಹಿಮ ಇರುವುದಿಲ್ಲ. ಗುಹೆಗೆ ಅರ್ಧ ಮೀಟರಿಗೂ ಹೆಚ್ಚು ಎತ್ತರದ ರಾಶಿ ಬೇಕು. ಅಕಾಲದಲ್ಲಿ ಮಳೆ ಬಿದ್ದರೆ ಇದ್ದ ಛಾವಣಿಯೂ ಕುಸಿಯುತ್ತದೆ. ಕೆನಡಾದ ಬ್ಯಾಫಿನ್ ದ್ವೀಪದ ಆಗ್ನೇಯ ತೀರದಲ್ಲಿ 1979ರ ಏಪ್ರಿಲ್‌ನಲ್ಲಿ ಹಾಗೆ ಮಳೆಯಾಗಿ, ಗುಹೆಗಳು ಕುಸಿದು, ಬಯಲಿಗೆ ಬಿದ್ದ ಮರಿಗಳನ್ನು ಹಿಮಕರಡಿಗಳು ಹಿಡಿದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಮೇಷ್ಟ್ರು: ನಲವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಮಳೆ ಅದು. ಆಗಲೂ ಆಗಿತ್ತು ಅಂದರೆ ಇದು ಹೊಸದಲ್ಲ. ಆ ಏಟು ತಿಂದೂ ಸೀಲ್ ಉಳಿಯಿತು.

ವಿದ್ಯಾರ್ಥಿನಿ: ಆಗ ಅದು ಅಪರೂಪ ಅನ್ನೋ ಕಾರಣಕ್ಕೇ ದಾಖಲಾಯಿತು. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಪಶ್ಚಿಮ ತೀರಕ್ಕೆ ಬನ್ನಿ. 2005-06ರ ಚಳಿಗಾಲದಲ್ಲಿ ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಅಲ್ಲಿನ ಫ್ಯೋರ್ಡ್‌ಗಳಿಗೆ, ಅಂದರೆ ಬೆಟ್ಟಗಳ ನಡುವಿನ ಕಿರಿದಾದ ಕಡಲ ಕೊಲ್ಲಿಗಳಿಗೆ, ನುಗ್ಗಿತು. ಚಳಿಗಾಲಕ್ಕೆ ಹೆಪ್ಪುಗಟ್ಟಿ ನಿಲ್ಲುತ್ತಿದ್ದ ಮಂಜುಗಡ್ಡೆ ಅಲ್ಲಿಂದೀಚೆಗೆ ಹಿಂದಿನಂತೆ ಕಟ್ಟುತ್ತಿಲ್ಲ. ಅಲ್ಲಿನ ಕೋಂಗ್ಸ್‌ಫ್ಯೋರ್ಡ್‌ನ ದಡದ ನ್ಯೂ-ಓಲೆಸುಂಡ್‌ನಲ್ಲೇ ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. 2014ರಲ್ಲಿ ಭಾರತದ ವಿಜ್ಞಾನಿಗಳು ಅದೇ ಫ್ಯೋರ್ಡ್‌ನ ನೀರಿನೊಳಗೆ ಇಂಡಾರ್ಕ್ ಎಂಬ ಅಳತೆಯ ಸಾಧನ ಇಳಿಸಿದರು. ಅದು ಅಳೆಯುವುದು ಇದೇ ಬೆಚ್ಚನೆಯ ನೀರಿನ ಬರುಹೋಗನ್ನು. ಆ ತೀರದಲ್ಲಿ ರಿಂಗ್ಡ್ ಸೀಲ್‌ಗಳು ಈಗ ಹಿಮನದಿಗಳು ಕಡಲಿಗೆ ಮುಟ್ಟುವ ತುದಿಯಲ್ಲಿ, ಉಳಿದ ಚೂರುಪಾರು ಮಂಜುಗಡ್ಡೆಯ ಮೇಲೆ ಗುಂಪುಗೂಡುತ್ತವೆ. ಗುಹೆಯಿಲ್ಲದೆ ಬಯಲಲ್ಲಿ ಹುಟ್ಟಿದ ಮರಿಗೆ ಕಡಲಕಾಗೆಯ ಕೊಕ್ಕೂ ಅಪಾಯವೇ.

ಮೇಷ್ಟ್ರು ಇಲ್ಲಿ ಬೇರೆ ದಿಕ್ಕಿನಿಂದ ಬರುತ್ತಾರೆ. ಮಂಜುಗಡ್ಡೆ ಕಡಿಮೆಯಾದರೆ ಕೇಡು, ಹೆಚ್ಚಾದರೆ ಒಳಿತು ಎಂಬ ಸರಳ ಗೆರೆಯನ್ನು ಕೆಡಿಸುವ ಒಂದು ಹಳೆಯ ದಾಖಲೆ ಅವರಲ್ಲಿದೆ. ಸೀಲ್‌ಗಳ ಬಗ್ಗೆ ಬರುವ ಜನಪ್ರಿಯ ಲೇಖನಗಳಲ್ಲಿ ಇದು ಕಾಣುವುದೇ ಅಪರೂಪ, ಕಾಣಬೇಕಾದದ್ದು.

ಮೇಷ್ಟ್ರು: ಆರ್ಕ್ಟಿಕ್‌ನ ಬ್ಯೂಫೋರ್ಟ್ ಕಡಲಿನ ಪೂರ್ವ ಭಾಗದಲ್ಲಿ 1974-75ರಲ್ಲಿ ಮಂಜುಗಡ್ಡೆ ವಿಪರೀತ ದಪ್ಪ ಕಟ್ಟಿ, ಬಹಳ ದಿನ ನಿಂತಿತು. ನಿನ್ನ ಲೆಕ್ಕದ ಪ್ರಕಾರ ರಿಂಗ್ಡ್ ಸೀಲ್‌ಗೆ ಸುಗ್ಗಿ ಆಗಬೇಕಿತ್ತು. ಆದದ್ದು ತಲೆಕೆಳಗು. ಸೀಲ್‌ಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಮರಿಗಳಂತೂ ತೀರಾ ಕಡಿಮೆಯಾದವು. ಅದರ ಹಿಂದೆ ಹಿಮಕರಡಿಗಳೂ ಸೊರಗಿದವು. ಇನ್ನೊಂದು ಕಡೆ ಅಲಾಸ್ಕ ನೋಡು. ಅಲ್ಲಿನ ಮೂಲನಿವಾಸಿ ಬೇಟೆಗಾರರು ತಾವು ಹೊಡೆದ ಸೀಲ್‌ನ ಹಲ್ಲು, ಗರ್ಭಕೋಶ, ಕೊಬ್ಬಿನ ಮಾದರಿ ಎಲ್ಲ ವಿಜ್ಞಾನಿಗಳಿಗೆ ಕೊಡ್ತಾರೆ. ದಶಕಗಳ ದಾಖಲೆ ಅದು. ಮಂಜುಗಡ್ಡೆ ಜೋರಾಗಿ ಕುಗ್ಗಿದ 2000ದ ನಂತರದ ವರ್ಷಗಳಲ್ಲಿ ಅಲ್ಲಿನ ರಿಂಗ್ಡ್ ಸೀಲ್‌ಗಳು 1970ರ ದಶಕಕ್ಕಿಂತ ಬೇಗ ಬೆಳೆದು, ಬೇಗ ಪ್ರಾಯಕ್ಕೆ ಬಂದು, ಹೆಚ್ಚು ಪ್ರಮಾಣದಲ್ಲಿ ಗರ್ಭ ಧರಿಸಿದವು. ಅಂಕಿ ಹೀಗೆ ಹೇಳುವಾಗ ನೀನು ಯಾವುದನ್ನು ನಂಬಬೇಕು ಅಂತೀಯ?

ವಿದ್ಯಾರ್ಥಿನಿ: ಎರಡನ್ನೂ ನಂಬುತ್ತೇನೆ. ಮಂಜುಗಡ್ಡೆ ತೀರಾ ದಪ್ಪವಾದರೆ ಬೆಳಕು ನೀರಿಗಿಳಿಯುವುದಿಲ್ಲ, ಪಾಚಿ ಬೆಳೆಯುವುದಿಲ್ಲ, ಪಾಚಿ ತಿನ್ನುವ ಸಣ್ಣ ಜೀವಿಗಳೂ ಅವುಗಳನ್ನು ತಿನ್ನುವ ಮೀನುಗಳೂ ಕಡಿಮೆ. ದಪ್ಪ ಗಡ್ಡೆ ತೆಳುವಾಗುವ ಮೊದಲ ವರ್ಷಗಳಲ್ಲಿ ಮೇವು ಹೆಚ್ಚುತ್ತದೆ, ಸೀಲ್ ಕೊಬ್ಬುತ್ತದೆ. ಆದರೆ ಅದೇ ಇಳಿಜಾರಿನಲ್ಲಿ ಮುಂದೆ ಹೋದರೆ ಮರಿ ಹಾಕುವ ಜಾಗವೇ ಇರುವುದಿಲ್ಲ. ಅಲಾಸ್ಕದ ಸೀಲ್ ಆ ಇಳಿಜಾರಿನ ಮೇಲ್ಭಾಗದಲ್ಲಿತ್ತು, ಸ್ವಾಲ್ಬಾರ್ಡ್‌ನದು ಕೆಳಗೆ ಬಂದಿದೆ. ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ 2010ರಲ್ಲಿ ಮಂಜುಗಡ್ಡೆ ತೀರಾ ಬೇಗ ಒಡೆದಾಗ ಸೀಲ್‌ಗಳ ಕೊಬ್ಬು ಇಳಿದು, ಒತ್ತಡದ ಹಾರ್ಮೋನ್ ಏರಿದ್ದು ಕಂಡಿತು.

ಮೇಷ್ಟ್ರು: ಇಳಿಜಾರು ಅಂತ ನೀನು ಗೆರೆ ಎಳೀತಿದ್ದೀಯ. ನಿನ್ನ ಕೈಲಿರೋದು ಮೂರು ಜಾಗದ ಮೂರು ಚುಕ್ಕೆ. ಅದು ಸಾಧ್ಯ ಅಂತ ಒಪ್ತೀನಿ, ಸಾಬೀತಾಯಿತು ಅಂತ ಒಪ್ಪಲ್ಲ.

ರಿಂಗ್ಡ್ ಸೀಲ್ ಕದಲದ ಮಂಜುಗಡ್ಡೆಯನ್ನು ನಂಬಿದರೆ, ಅಟ್ಲಾಂಟಿಕ್‌ನ ಉತ್ತರದ ಹಾರ್ಪ್ ಸೀಲ್ ಮತ್ತು ಹುಡೆಡ್ ಸೀಲ್‌ಗಳು ತೇಲುವ ಮಂಜುಗಡ್ಡೆಯ ಹಲಗೆಗಳನ್ನು ನಂಬಿವೆ. ಇವುಗಳ ಕಥೆಯಲ್ಲಿ ಹವಾಮಾನದ ಜೊತೆ ಬೇಟೆಯೂ ಸೇರಿಕೊಂಡಿದೆ. ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ವಿದ್ಯಾರ್ಥಿನಿ: ಹಾರ್ಪ್ ಸೀಲ್‌ಗಳು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರ ಮತ್ತು ಸೇಂಟ್ ಲಾರೆನ್ಸ್ ಕೊಲ್ಲಿ, ಗ್ರೀನ್‌ಲ್ಯಾಂಡ್ ಕಡಲು, ರಷ್ಯಾದ ಶ್ವೇತ ಸಮುದ್ರ, ಇಷ್ಟೇ ಕಡೆ ಒಟ್ಟುಗೂಡಿ ಹೆರುತ್ತವೆ. ತಾಯಿ ಹಾಲೂಡಿಸುವುದು ಹನ್ನೆರಡೇ ದಿನ. ಹುಟ್ಟುವಾಗ ಹನ್ನೊಂದು ಕಿಲೋ ಇದ್ದ ಮರಿ ದಿನಕ್ಕೆ ಎರಡು ಕಿಲೋಗೂ ಹೆಚ್ಚು ತೂಕ ಏರಿಸಿಕೊಳ್ಳುತ್ತದೆ. ಆಮೇಲೆ ತಾಯಿ ಹೊರಟುಹೋಗುತ್ತದೆ. ಮರಿ ಸುಮಾರು ಆರು ವಾರ ಉಪವಾಸವಿದ್ದು, ಮೈಯ ಕೊಬ್ಬು ಕರಗಿಸಿಕೊಂಡು, ಬಿಳಿ ಕೂದಲು ಉದುರಿಸಿ, ಈಜು ಕಲಿಯುತ್ತದೆ. ಹುಡೆಡ್ ಸೀಲ್ ಇನ್ನೂ ಅವಸರದ್ದು. ನಾಲ್ಕೇ ದಿನ ಹಾಲು. ಸಸ್ತನಿಗಳಲ್ಲಿ ಅಷ್ಟು ಕಿರಿದಾದ ಬಾಣಂತನ ಬೇರೆಲ್ಲೂ ಇಲ್ಲ. ನಮ್ಮ ಎಮ್ಮೆ ಹಾಲಿನಲ್ಲಿ ಕೊಬ್ಬು ಶೇ 7ರ ಆಸುಪಾಸು ಇದ್ದರೆ ಅದರ ಹಾಲಿನಲ್ಲಿ ಶೇ 60ರಷ್ಟು. ನಾಲ್ಕು ದಿನಕ್ಕೆ ಮರಿಯ ತೂಕ ಎರಡರಷ್ಟಾಗುತ್ತದೆ. ಇಷ್ಟೆಲ್ಲ ನಡೆಯುವಾಗ ಹಲಗೆ ಒಡೆಯದೆ ಇರಬೇಕು. ತೆಳು ಹಲಗೆಗೆ ಬಿರುಗಾಳಿ ಬಡಿದರೆ ಮರಿಗಳು ನೀರಿಗೆ ಬಿದ್ದು ಮುಳುಗುತ್ತವೆ, ಇಲ್ಲವೇ ಗಡ್ಡೆಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತವೆ. ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ 1981ರಲ್ಲಿ ಹಾಗಾಯಿತು, 2010 ಮತ್ತು 2011ರಲ್ಲಿ ಮತ್ತೆ ಮಂಜುಗಡ್ಡೆ ಕೈಕೊಟ್ಟಿತು. ಹಾರ್ಪ್ ಸೀಲ್ ಹೆರುವ ಎಲ್ಲ ಪ್ರದೇಶಗಳಲ್ಲೂ 1979ರಿಂದೀಚೆಗೆ ದಶಕಕ್ಕೆ ಶೇ 6ರವರೆಗೆ ಮಂಜುಗಡ್ಡೆ ಕಡಿಮೆಯಾಗಿದೆ ಎಂದು 2012ರಲ್ಲಿ ಒಂದು ಅಧ್ಯಯನ ತೋರಿಸಿತು.

ಮೇಷ್ಟ್ರು: ಅದೇ ಅಧ್ಯಯನ ಉತ್ತರ ಅಟ್ಲಾಂಟಿಕ್‌ನ ಗಾಳಿಯ ಒತ್ತಡ ವರ್ಷದಿಂದ ವರ್ಷಕ್ಕೆ ಏರಿಳಿಯೋದರಿಂದಲೂ ಮಂಜುಗಡ್ಡೆ ಹೆಚ್ಚುಕಡಿಮೆ ಆಗುತ್ತೆ, ಮರಿಗಳ ಸಾವೂ ಅದರ ಜೊತೆ ಏರಿಳಿಯುತ್ತೆ ಅಂತ ಹೇಳಿದೆ. ಅದನ್ನೂ ಹೇಳು. ಇನ್ನು ಒಟ್ಟು ಲೆಕ್ಕ. ವಾಯವ್ಯ ಅಟ್ಲಾಂಟಿಕ್‌ನ ಹಾರ್ಪ್ ಸೀಲ್ 1970ರ ದಶಕದ ಆರಂಭದಲ್ಲಿ 20 ಲಕ್ಷಕ್ಕಿಂತ ಕಡಿಮೆ ಇತ್ತು. ಬೇಟೆಗೆ ಮಿತಿ ಹಾಕಿದರು. 1983ರಲ್ಲಿ ಯುರೋಪ್ ಬಿಳಿ ಮರಿಗಳ ಚರ್ಮದ ಆಮದು ನಿಲ್ಲಿಸಿತು, 1987ರಲ್ಲಿ ಕೆನಡಾ ಬಿಳಿ ಮರಿಗಳನ್ನು ವ್ಯಾಪಾರಕ್ಕೆ ಕೊಲ್ಲೋದನ್ನೇ ನಿಷೇಧಿಸಿತು. 2010ರ ದಶಕಕ್ಕೆ ಸಂಖ್ಯೆ 70 ಲಕ್ಷ ದಾಟಿತು. ಮಂಜುಗಡ್ಡೆ ಕುಗ್ಗುತ್ತಿದ್ದ ವರ್ಷಗಳಲ್ಲೇ ಸೀಲ್ ಮೂರು ನಾಲ್ಕು ಪಟ್ಟು ಆಯಿತು. ಇದರ ಅರ್ಥ ಸ್ಪಷ್ಟ: ಕೋವಿ ಮಾಡಿದ ಹಾನಿಯ ಮುಂದೆ ಹವಾಮಾನದ ಹಾನಿ ಸಣ್ಣದು.

ವಿದ್ಯಾರ್ಥಿನಿ: ಹಾರ್ಪ್ ಸೀಲ್ ಬಗ್ಗೆ, ಆ ಅವಧಿಯ ಮಟ್ಟಿಗೆ, ಒಪ್ಪುತ್ತೇನೆ. ಹುಡೆಡ್ ಸೀಲ್ ಬಗ್ಗೆ ಅದೇ ಮಾತು ಹೇಳಿ ನೋಡೋಣ. ಗ್ರೀನ್‌ಲ್ಯಾಂಡ್ ಕಡಲಿನ ಹುಡೆಡ್ ಸೀಲ್‌ಗಳು 1940ರ ದಶಕದಿಂದೀಚೆಗೆ ಶೇ 85ಕ್ಕೂ ಹೆಚ್ಚು ಕಡಿಮೆಯಾಗಿವೆ. ಬೇಟೆಯೇ ಶುರುವಿನ ಕಾರಣ, ನಿಜ. ಆದರೆ 2007ರಲ್ಲಿ ಅಲ್ಲಿನ ವ್ಯಾಪಾರದ ಬೇಟೆ ನಿಂತಿತು, ಸೀಲ್ ಮಾತ್ರ ಚೇತರಿಸಿಕೊಳ್ಳಲಿಲ್ಲ. ಕೋವಿಯೊಂದೇ ಕಾರಣವಾಗಿದ್ದರೆ ಕೋವಿ ಇಳಿಸಿದ ಮೇಲೆ ಸಂಖ್ಯೆ ಏರಬೇಕಿತ್ತು. ಶ್ವೇತ ಸಮುದ್ರದ ಹಾರ್ಪ್ ಸೀಲ್‌ಗಳಲ್ಲೂ 2004ರ ನಂತರ ವರ್ಷಕ್ಕೆ ಹುಟ್ಟುವ ಮರಿಗಳ ಸಂಖ್ಯೆ ಹಿಂದಿನದರ ಅರ್ಧಕ್ಕಿಂತ ಕೆಳಗಿಳಿದಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2025ರ ಅಕ್ಟೋಬರ್‌ನಲ್ಲಿ ತನ್ನ ಕೆಂಪು ಪಟ್ಟಿಯನ್ನು ಪರಿಷ್ಕರಿಸಿದಾಗ ಹುಡೆಡ್ ಸೀಲ್ ಅನ್ನು ಅಳಿವಿನಂಚಿನ ವರ್ಗಕ್ಕೆ ತಂದಿತು. ಹಾರ್ಪ್ ಮತ್ತು ಬಿಯರ್ಡೆಡ್ ಸೀಲ್‌ಗಳನ್ನು ಅಪಾಯದ ಹತ್ತಿರದ ವರ್ಗಕ್ಕೆ ಏರಿಸಿತು.

ಮೇಷ್ಟ್ರು: ಬೇಟೆ ನಿಂತ ಮೇಲೂ ಏರದಿದ್ದರೆ ಮಂಜುಗಡ್ಡೆಯೇ ಕಾರಣ ಅಂತ ಆಗುತ್ತಾ? ಮೀನುಗಾರಿಕೆ ಇದೆ, ಹಿಮಕರಡಿ ಇದೆ, ಓರ್ಕಾ ತಿಮಿಂಗಿಲ ಇದೆ. ನ್ಯೂಫೌಂಡ್‌ಲ್ಯಾಂಡ್‌ನ ಹಾರ್ಪ್ ಸೀಲ್‌ಗಳಲ್ಲಿ ಗರ್ಭ ಧರಿಸುವ ಪ್ರಮಾಣ ಇಳಿದದ್ದಕ್ಕೆ ಅವುಗಳ ಸಂಖ್ಯೆಯೇ ಹೆಚ್ಚಾಗಿದ್ದು, ಕೇಪ್ಲಿನ್ ಮೀನು ಸಾಲದೇ ಹೋದದ್ದು ಕಾರಣ ಅಂತಾರೆ.

ವಿದ್ಯಾರ್ಥಿನಿ: ಆ ಕೇಪ್ಲಿನ್ ಮೀನಿನ ಹೆಚ್ಚುಕಡಿಮೆಯೂ ಮಂಜುಗಡ್ಡೆ ಕರಗುವ ಕಾಲದ ಜೊತೆ ಹೊಂದಿಕೊಂಡಿದೆ ಎಂದು ಅಲ್ಲಿನವರೇ ತೋರಿಸಿದ್ದಾರೆ. ಗಡ್ಡೆ ಹಿಂದೆ ಸರಿಯುವಾಗ ಪಾಚಿ ಅರಳುತ್ತದೆ. ಆ ಕಾಲ ತಪ್ಪಿದರೆ ಮೀನಿನ ಮೇವೂ ತಪ್ಪುತ್ತದೆ. ಮಂಜುಗಡ್ಡೆ ಸೀಲ್‌ಗೆ ಹಾಸಿಗೆಯಷ್ಟೇ ಅಲ್ಲ, ಊಟವೂ ಅದರಿಂದಲೇ. ಬಿಯರ್ಡೆಡ್ ಸೀಲ್ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಅದು ದಪ್ಪ ಮೀಸೆಗಳಿಂದ ಕಡಲ ತಳ ತಡಕಾಡಿ ಕಪ್ಪೆಚಿಪ್ಪು, ಸೀಗಡಿ, ಏಡಿ ಹುಡುಕಿ ತಿನ್ನುತ್ತದೆ. ಆದ್ದರಿಂದ ಅದಕ್ಕೆ ಆಳವಿಲ್ಲದ ನೀರಿನ ಮೇಲೆಯೇ ಮಂಜುಗಡ್ಡೆ ಬೇಕು. ಗಡ್ಡೆ ಉತ್ತರಕ್ಕೆ ಸರಿದು ಆಳ ಕಡಲಿನ ಮೇಲೆ ನಿಂತರೆ ಮಲಗಲು ಜಾಗವಿದೆ, ತಿನ್ನಲು ತಳ ಸಿಗುವುದಿಲ್ಲ. ನೀವು ಚದರ ಕಿಲೋಮೀಟರ್ ಎಣಿಸಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಮೇಷ್ಟ್ರು: ಸರಿ, ಅದು ಒಳ್ಳೆಯ ಮಾತು. ಆದರೆ ಪ್ರಾಣಿ ಕೂತಲ್ಲೇ ಕೂರಲ್ಲ. ಜಾಗ ಕೆಟ್ಟರೆ ಬೇರೆ ಜಾಗ ಹುಡುಕುತ್ತೆ. ಹಾರ್ಪ್ ಸೀಲ್‌ಗಳು 2007ರಲ್ಲಿ ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿಯ ಹತ್ತಿರ ಹೊಸ ಜಾಗದಲ್ಲಿ ಮರಿ ಹಾಕಿದ್ದವು. ಸೇಂಟ್ ಲಾರೆನ್ಸ್ ಕೊಲ್ಲಿಯ ಬೂದು ಸೀಲ್‌ಗಳು ಹಿಂದೆ ಮಂಜುಗಡ್ಡೆಯ ಮೇಲೆ ಹೆರುತ್ತಿದ್ದವು, ಈಗ ಬಹುಪಾಲು ದ್ವೀಪಗಳ ನೆಲದ ಮೇಲೆ ಹೆರುತ್ತವೆ. ಸ್ವಾಲ್ಬಾರ್ಡ್‌ನಲ್ಲಿ ರಿಂಗ್ಡ್ ಸೀಲ್‌ಗೆ ಕಷ್ಟ ಆದರೆ, ಅದೇ ತೀರದ ಹಾರ್ಬರ್ ಸೀಲ್‌ಗಳಿಗೆ ಬೆಚ್ಚನೆಯ ನೀರು ಒಳ್ಳೆಯದೇ ಮಾಡಿದೆ. ಸೀಲ್ ಅನ್ನೋ ಒಂದೇ ಹೆಸರಿಟ್ಟುಕೊಂಡು ಎಲ್ಲಕ್ಕೂ ಅಳುವುದು ಸರಿಯಲ್ಲ.

ವಿದ್ಯಾರ್ಥಿನಿ: ಬೂದು ಸೀಲ್ ನೆಲಕ್ಕೆ ಹತ್ತಿತು, ಅದಕ್ಕೆ ತೆತ್ತ ಬೆಲೆಯನ್ನೂ ನೋಡಿ. ಬಾಲ್ಟಿಕ್‌ನಲ್ಲಿ, ಎಸ್ಟೋನಿಯಾದ ತೀರದಲ್ಲಿ, ಮಂಜುಗಡ್ಡೆ ಇದ್ದ ವರ್ಷಗಳನ್ನೂ ಇಲ್ಲದ ವರ್ಷಗಳನ್ನೂ ಹೋಲಿಸಿ ನೋಡಿದ್ದಾರೆ. ನೆಲದ ಮೇಲೆ ತಾಯಂದಿರು ಇಕ್ಕಟ್ಟಿನಲ್ಲಿ ಹೆರುತ್ತವೆ, ಮರಿಗಳು ತುಳಿತಕ್ಕೂ ರೋಗಕ್ಕೂ ಸಿಗುತ್ತವೆ. ಅಲ್ಲಿ ಹಾಲು ಬಿಡುವ ಮೊದಲೇ ಸಾಯುವ ಮರಿಗಳ ಪ್ರಮಾಣ ಮಂಜುಗಡ್ಡೆಯ ಮೇಲಿಗಿಂತ ಹಲವು ಪಟ್ಟು. ಬದುಕಿದವುಗಳ ತೂಕವೂ ಕಡಿಮೆ. ಅದೂ ಎರಡೂ ಕಡೆ ಹೆರಬಲ್ಲ ಜಾತಿ. ರಿಂಗ್ಡ್ ಸೀಲ್ ನೆಲಕ್ಕೆ ಬಂದರೆ ನರಿ, ತೋಳ, ನಾಯಿ, ಮನುಷ್ಯ ಎಲ್ಲರೂ ಅಲ್ಲೇ ಇರುತ್ತಾರೆ. ಇನ್ನು ಉತ್ತರಕ್ಕೆ ಹೋಗಲು ದಾರಿಯೇ ಇಲ್ಲದವು ಕೆಲವಿವೆ. ಬಾಲ್ಟಿಕ್‌ನ ಉತ್ತರದ ಬೋತ್ನಿಯನ್ ಕೊಲ್ಲಿಯಲ್ಲಿ ರಿಂಗ್ಡ್ ಸೀಲ್‌ಗಳು ಹೆಚ್ಚುತ್ತಿವೆ. ಅದೇ ಕಡಲಿನ ದಕ್ಷಿಣಕ್ಕಿರುವ ಫಿನ್‌ಲ್ಯಾಂಡ್ ಕೊಲ್ಲಿಯಲ್ಲಿ ಉಳಿದಿರುವುದು ನೂರರ ಆಸುಪಾಸು. ಕ್ಯಾಸ್ಪಿಯನ್ ಸೀಲ್‌ಗೆ ನಾಲ್ಕೂ ಕಡೆ ದಡ. ಒಂದು ಶತಮಾನದ ಹಿಂದೆ ಹತ್ತು ಲಕ್ಷದಷ್ಟಿದ್ದದ್ದು ಬೇಟೆಯಿಂದ ನೆಲಕಚ್ಚಿತು. ಈಗ ಅದು ಹೆರುವ ಉತ್ತರ ಭಾಗದ ಮಂಜುಗಡ್ಡೆಯೂ ತೆಳುವಾಗುತ್ತಿದೆ.

ಮೇಷ್ಟ್ರು: ಕ್ಯಾಸ್ಪಿಯನ್, ಫಿನ್‌ಲ್ಯಾಂಡ್ ಕೊಲ್ಲಿ, ಇವುಗಳ ಬಗ್ಗೆ ನನ್ನದು ತಕರಾರಿಲ್ಲ. ಅಲ್ಲಿ ಎಣಿಕೆಯೂ ನಿನ್ನ ಮಾತೂ ಒಂದೇ ಕಡೆ ಇವೆ.

ವಿದ್ಯಾರ್ಥಿನಿ: ಇನ್ನೊಂದು ದಾರಿಯೂ ಇದೆ, ರೋಗದ್ದು. ಯುರೋಪಿನ ತೀರದಲ್ಲಿ 1988 ಮತ್ತು 2002ರಲ್ಲಿ ಡಿಸ್ಟೆಂಪರ್ ಜಾತಿಯ ವೈರಸ್ ಹರಡಿ ಹಾರ್ಬರ್ ಸೀಲ್‌ಗಳು ಹತ್ತಾರು ಸಾವಿರ ಸತ್ತವು. ಅದೇ ವೈರಸ್ 2004ರಲ್ಲಿ ಅಲಾಸ್ಕದ ಕಡಲ ನೀರುನಾಯಿಗಳಲ್ಲಿ ಕಾಣಿಸಿತು. ಆರ್ಕ್ಟಿಕ್‌ನ ಮಂಜುಗಡ್ಡೆ ಸರಿದು ಅಟ್ಲಾಂಟಿಕ್‌ಗೂ ಪೆಸಿಫಿಕ್‌ಗೂ ನಡುವೆ ನೀರಿನ ದಾರಿ ತೆರೆದದ್ದಕ್ಕೂ ಸೋಂಕು ಏರಿದ್ದಕ್ಕೂ ನಂಟಿದೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬೇರಿಂಗ್ ಕಡಲಿನ ಮಂಜುಗಡ್ಡೆ 2018ರ ಚಳಿಗಾಲದಲ್ಲಿ ಹಿಂದೆಂದೂ ಇಲ್ಲದಷ್ಟು ಕಡಿಮೆಯಾಯಿತು. ಆ ವರ್ಷದ ಜೂನ್‌ನಿಂದ ಬೇರಿಂಗ್ ಮತ್ತು ಚುಕ್ಚಿ ತೀರಗಳಿಗೆ ರಿಂಗ್ಡ್, ಬಿಯರ್ಡೆಡ್, ಸ್ಪಾಟೆಡ್ ಸೀಲ್‌ಗಳ ಹೆಣಗಳು ಎಂದಿಗಿಂತ ಹೆಚ್ಚು ಬಂದು ಬಿದ್ದವು. ಅಮೆರಿಕ ಸರ್ಕಾರ ಅದನ್ನು ಅಸಹಜ ಸಾವಿನ ಪ್ರಕರಣ ಎಂದು ಘೋಷಿಸಿತು.

ಮೇಷ್ಟ್ರು: ಘೋಷಿಸಿತು, ಆದರೆ ಒಂದೇ ಕಾರಣಕ್ಕೆ ಬೆರಳು ತೋರಿಸಲಿಲ್ಲ. ಎರಡು ಸಂಗತಿ ಒಂದೇ ವರ್ಷ ನಡೆದವು ಅನ್ನೋದು ನಂಟು, ಕಾರಣ ಅಲ್ಲ. ಇಷ್ಟನ್ನು ನಾನು ನಿನಗೆ ಮೊದಲ ವರ್ಷದಲ್ಲೇ ಹೇಳಿಕೊಟ್ಟಿದ್ದೀನಿ.

ದಕ್ಷಿಣ ಧ್ರುವದ ಕಡೆ ಚಿತ್ರ ಬೇರೆ. ಅಲ್ಲಿ ಕಡಲ ಮಂಜುಗಡ್ಡೆ ದಶಕಗಳ ಕಾಲ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾ ಬಂದು, 2014ರ ಸೆಪ್ಟೆಂಬರ್‌ನಲ್ಲಿ 2 ಕೋಟಿ ಚದರ ಕಿಲೋಮೀಟರ್ ದಾಟಿತ್ತು. 2016ರಲ್ಲಿ ಹಠಾತ್ತನೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಕೇವಲ 18 ಲಕ್ಷದಷ್ಟು ಉಳಿಯಿತು, ಆ ವರ್ಷದ ಚಳಿಗಾಲದಲ್ಲಿ ತುಂಬಬೇಕಾದಷ್ಟು ತುಂಬಲೂ ಇಲ್ಲ. ಹಿಮಕರಡಿಯಿಲ್ಲದ ಆ ಕಡಲಿನಲ್ಲಿ ವೆಡೆಲ್ ಸೀಲ್ ಬಯಲಿನಲ್ಲೇ ಮರಿ ಹಾಕುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಕ್ರ್ಯಾಬ್‌ಈಟರ್ ಸೀಲ್ ತೇಲುವ ಗಡ್ಡೆಗಳ ಮೇಲಿದ್ದು, ಜರಡಿಯಂಥ ಹಲ್ಲುಗಳಿಂದ ಕ್ರಿಲ್ ಎಂಬ ಸಣ್ಣ ಸೀಗಡಿಯಂಥ ಜೀವಿಯನ್ನು ಸೋಸಿ ತಿನ್ನುತ್ತದೆ. ಆ ಕ್ರಿಲ್‌ನ ಮರಿಗಳು ಚಳಿಗಾಲ ಕಳೆಯುವುದು ಮಂಜುಗಡ್ಡೆಯ ಅಡಿಯ ಪಾಚಿ ತಿಂದು.

ವಿದ್ಯಾರ್ಥಿನಿ: ನಿಮಗೆ ಎಣಿಕೆ ಬೇಕಲ್ಲ ಮೇಷ್ಟ್ರೇ, ಇಲ್ಲಿದೆ. ದಕ್ಷಿಣ ಆರ್ಕ್ನಿ ದ್ವೀಪಗಳ ಸಿಗ್ನಿಯಲ್ಲಿ ಬ್ರಿಟಿಷರು 1970ರ ದಶಕದಿಂದ ಸೀಲ್ ಎಣಿಸುತ್ತಿದ್ದಾರೆ. ಅಲ್ಲಿನ ವೆಡೆಲ್ ಸೀಲ್‌ಗಳು 1977ರಿಂದೀಚೆಗೆ ಅರ್ಧಕ್ಕಿಂತ ಕಡಿಮೆಯಾಗಿವೆ.

ಮೇಷ್ಟ್ರು: ಅದೇ ದ್ವೀಪದಲ್ಲಿ ಆನೆ ಸೀಲ್‌ಗಳ ಸಂಖ್ಯೆ ಅಷ್ಟು ವರ್ಷದಲ್ಲಿ ಒಟ್ಟಾರೆ ಬದಲಾಗಿಲ್ಲ, ಯಾಕಂದರೆ ಅವು ಮಂಜುಗಡ್ಡೆ ನಂಬಿ ಬದುಕಲ್ಲ. ಇನ್ನೂ ಹಿಂದಕ್ಕೆ ಹೋಗು. ರಾಸ್ ಕಡಲಿನ ತೀರದಲ್ಲಿ ಸಾವಿರಾರು ವರ್ಷ ಹಳೆಯ ಆನೆ ಸೀಲ್‌ಗಳ ಎಲುಬು, ಚರ್ಮ ಸಿಕ್ಕಿವೆ. ಮಂಜುಗಡ್ಡೆ ಹಿಂದೆ ಸರಿದ ಕಾಲದಲ್ಲಿ ಅವು ಅಲ್ಲಿಗೆ ಬಂದು ನೆಲೆಸಿದವು, ಸುಮಾರು ಸಾವಿರ ವರ್ಷದ ಹಿಂದೆ ಗಡ್ಡೆ ಮತ್ತೆ ಬೆಳೆದಾಗ ಬಿಟ್ಟುಹೋದವು. ಒಂದು ಸೀಲ್‌ಗೆ ಬಾಗಿಲು ಮುಚ್ಚಿದಾಗ ಇನ್ನೊಂದಕ್ಕೆ ತೆರೆಯುತ್ತೆ. ನಷ್ಟದ ಕಾಲಂ ಮಾತ್ರ ತುಂಬಿಸಿದರೆ ಅದು ಪೂರ್ತಿ ಲೆಕ್ಕ ಅಲ್ಲ.

ವಿದ್ಯಾರ್ಥಿನಿ: ಆ ಬದಲಾವಣೆ ನಡೆದದ್ದು ಶತಮಾನಗಳ ಅವಧಿಯಲ್ಲಿ. ಈಗಿನದು ಒಂದು ಸೀಲ್‌ನ ಆಯುಷ್ಯದೊಳಗೆ ನಡೆಯುತ್ತಿದೆ. ರಿಂಗ್ಡ್ ಸೀಲ್ ಇಪ್ಪತ್ತೈದು ವರ್ಷ, ಇನ್ನೂ ಹೆಚ್ಚೂ ಬದುಕುತ್ತದೆ. ವರ್ಷಕ್ಕೆ ಒಂದೇ ಮರಿ. ನಿಮ್ಮ ಎಣಿಕೆಯ ತೊಂದರೆ ಇರುವುದು ಇಲ್ಲೇ. ಐದು ವರ್ಷ ಮರಿಗಳೇ ಉಳಿಯದಿದ್ದರೂ ದೊಡ್ಡ ಸೀಲ್‌ಗಳು ಹಾಗೇ ಕಾಣುತ್ತವೆ. ವಿಮಾನದಿಂದ ಎಣಿಸುವವರಿಗೆ ಕಾಣುವುದು ಗಡ್ಡೆಯ ಮೇಲೆ ಬಂದು ಮಲಗಿದವು ಮಾತ್ರ. ನೀರಿನಲ್ಲಿರುವವುಗಳ ಪಾಲನ್ನು ಬೆನ್ನಿಗೆ ಅಂಟಿಸಿದ ಉಪಗ್ರಹ ಸಾಧನಗಳಿಂದ ಅಂದಾಜು ಮಾಡಿ ಸೇರಿಸಬೇಕು. ಹಿಮದ ಗುಹೆಯೊಳಗಿನ ಮರಿ ವಿಮಾನಕ್ಕೆ ಕಾಣುವುದೇ ಇಲ್ಲ, ತರಬೇತಾದ ನಾಯಿ ಮೂಸಿ ಹುಡುಕಬೇಕು. ಹಾರ್ಪ್ ಸೀಲ್‌ನ ಬಿಳಿ ಮರಿಯನ್ನು ಬಿಳಿ ಗಡ್ಡೆಯ ಮೇಲೆ ಗುರುತಿಸಲು 1970ರ ದಶಕದಲ್ಲಿ ನೇರಳಾತೀತ ಕಿರಣದ ಫೋಟೋ ತೆಗೆಯಬೇಕಾಯಿತು. ಇಷ್ಟು ಕಷ್ಟದ ಎಣಿಕೆಯಲ್ಲಿ ಇಳಿಕೆ ಖಚಿತವಾಗಿ ಕಾಣುವ ಹೊತ್ತಿಗೆ ಒಂದು ತಲೆಮಾರು ಹೋಗಿರುತ್ತದೆ.

ಮೇಷ್ಟ್ರು: ಅದೇ ದೀರ್ಘ ಆಯುಷ್ಯ ಇನ್ನೊಂದು ಮಾತೂ ಹೇಳುತ್ತೆ. ಎರಡು ಮೂರು ಕೆಟ್ಟ ವರ್ಷ ಬಂದರೂ ತಾಯಿ ಬದುಕಿದ್ದು ಒಳ್ಳೆಯ ವರ್ಷ ಬಂದಾಗ ಮತ್ತೆ ಹೆರುತ್ತೆ. ಪ್ರಕೃತಿ ಅದಕ್ಕೆ ಆ ಗುಣ ಕೊಟ್ಟಿರೋದೇ ಏರಿಳಿತ ತಾಳೋಕೆ.

ವಿದ್ಯಾರ್ಥಿನಿ: ಏರಿಳಿತಕ್ಕೆ ಹೌದು. ಇಳಿತವೇ ನಿಯಮವಾದರೆ ಅಲ್ಲ.

ಇದು ಹರಟೆಯ ಮಟ್ಟದ ವಾದವಲ್ಲ, ನ್ಯಾಯಾಲಯಗಳಲ್ಲೂ ನಡೆದದ್ದು. ಅಮೆರಿಕ ಸರ್ಕಾರ 2012ರ ಡಿಸೆಂಬರ್‌ನಲ್ಲಿ ಆರ್ಕ್ಟಿಕ್‌ನ ರಿಂಗ್ಡ್ ಸೀಲ್‌ಗಳನ್ನೂ ಬೇರಿಂಗ್ ಭಾಗದ ಬಿಯರ್ಡೆಡ್ ಸೀಲ್‌ಗಳನ್ನೂ ಅಪಾಯಕ್ಕೊಳಗಾದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಆಗ ಎರಡೂ ಲಕ್ಷಗಟ್ಟಲೆ ಇದ್ದವು. ಸರ್ಕಾರ ಆಧರಿಸಿದ್ದು ಈ ಶತಮಾನದ ಕೊನೆಯವರೆಗಿನ ಮಂಜುಗಡ್ಡೆಯ ಮುನ್ಸೂಚನೆಯನ್ನು. ಅಲಾಸ್ಕ ರಾಜ್ಯ, ತೈಲೋದ್ಯಮ, ಅಲ್ಲಿನ ಮೂಲನಿವಾಸಿಗಳ ಕೆಲವು ಸಂಸ್ಥೆಗಳು ಇದನ್ನು ಪ್ರಶ್ನಿಸಿದವು. ಬಿಯರ್ಡೆಡ್ ಸೀಲ್ ಕುರಿತ ನಿರ್ಧಾರವನ್ನು ಕೆಳ ನ್ಯಾಯಾಲಯ 2014ರಲ್ಲಿ ರದ್ದು ಮಾಡಿತು, ಮೇಲ್ಮನವಿಯಲ್ಲಿ 2016ರಲ್ಲಿ ಅದು ಊರ್ಜಿತವಾಯಿತು. ರಿಂಗ್ಡ್ ಸೀಲ್ ಪ್ರಕರಣವೂ 2018ರಲ್ಲಿ ಹಾಗೇ ಮುಗಿಯಿತು.

ಮೇಷ್ಟ್ರು: ನ್ಯಾಯಾಲಯ ಹೇಳಿದ್ದು ಸರ್ಕಾರದ ನಿರ್ಧಾರ ಕಾನೂನಿನ ಮಿತಿಯೊಳಗಿದೆ ಅಂತ. ಸೀಲ್ ಕಡಿಮೆಯಾಗುತ್ತೆ ಅಂತ ಸಾಬೀತು ಮಾಡೋದು ನ್ಯಾಯಾಲಯದ ಕೆಲಸವಲ್ಲ. ಇನ್ನು ಆ ತೀರದ ಜನ ಯಾಕೆ ವಿರೋಧಿಸಿದರು ಅನ್ನೋದನ್ನೂ ಕೇಳಬೇಕು. ಸೀಲ್ ಅವರ ಊಟ, ಬಟ್ಟೆ. ಹೊಟ್ಟೆಪಾಡಿನ ಬೇಟೆಗೆ ಕಾನೂನು ಅವಕಾಶ ಕೊಟ್ಟಿದೆ, ನಿಜ. ಆದರೆ 2009ರಲ್ಲಿ ಯುರೋಪ್ ಸೀಲ್ ಉತ್ಪನ್ನ ನಿಷೇಧಿಸಿದಾಗ ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯೂಟ್ ಜನರಿಗೂ ಹೀಗೇ ವಿನಾಯಿತಿ ಕೊಟ್ಟಿದ್ದರು. ಮಾರುಕಟ್ಟೆ ಬಿದ್ದು ಅವರ ಚರ್ಮಕ್ಕೂ ಬೆಲೆ ಹೋಯಿತು. ಮಂಜುಗಡ್ಡೆ ಕರಗಿಸಿದವರು ಎಲ್ಲೋ ಇದ್ದಾರೆ, ನಿರ್ಬಂಧದ ಬಿಸಿ ತಟ್ಟೋದು ಇವರಿಗೆ. ಮುನ್ಸೂಚನೆ ನಂಬಿ ಕ್ರಮ ತೆಗೆದುಕೊಳ್ಳುವಾಗ ಇದೂ ತೂಕಕ್ಕೆ ಬರಬೇಕು.

ವಿದ್ಯಾರ್ಥಿನಿ: ಬರಬೇಕು, ಅದರಲ್ಲಿ ನನಗೂ ನಿಮಗೂ ಭಿನ್ನಾಭಿಪ್ರಾಯವಿಲ್ಲ. ತೆಳು ಗಡ್ಡೆಯ ಮೇಲೆ ಬೇಟೆಗೆ ಹೋಗಿ ಮೊದಲು ಅಪಾಯಕ್ಕೆ ಸಿಗುವವರೂ ಅವರೇ. ಆದರೆ ಎಣಿಕೆಗೆ ಕಾಯುತ್ತ ಕೂರದೆ ಕೆಲಸಕ್ಕಿಳಿದರೆ ಏನಾಗುತ್ತದೆ ಎಂಬುದಕ್ಕೆ ಫಿನ್‌ಲ್ಯಾಂಡ್‌ನ ಸೈಮಾ ಸರೋವರ ನೋಡಿ. ಹಿಮಯುಗ ಮುಗಿದಾಗ ಕಡಲಿನಿಂದ ಬೇರೆಯಾಗಿ ಅಲ್ಲೇ ಉಳಿದ ರಿಂಗ್ಡ್ ಸೀಲ್‌ಗಳು ಅವು. 1980ರ ದಶಕದಲ್ಲಿ ಇನ್ನೂರಕ್ಕಿಂತ ಕಡಿಮೆ ಇದ್ದವು. ಮೀನುಬಲೆಗಳಿಗೆ ನಿರ್ಬಂಧ ಹಾಕಿದರು. 2014ರ ಚಳಿಗಾಲದಲ್ಲಿ ಹಿಮವೇ ಬೀಳದಾಗ ಸ್ವಯಂಸೇವಕರು ಸಲಿಕೆ ಹಿಡಿದು ಸರೋವರದ ಗಡ್ಡೆಯ ಮೇಲೆ ನೂರಾರು ಹಿಮದ ರಾಶಿ ಕಟ್ಟಿದರು. ಸೀಲ್‌ಗಳು ಅವುಗಳೊಳಗೆ ಗುಹೆ ಕೊರೆದು ಮರಿ ಹಾಕಿದವು. ಈಗ ಅಲ್ಲಿ ನಾನೂರಕ್ಕಿಂತ ಹೆಚ್ಚಿವೆ.

ಮೇಷ್ಟ್ರು: ಅದು ಬಹಳ ದೊಡ್ಡ ಕೆಲಸ, ನಾನು ತಲೆಬಾಗುತ್ತೀನಿ. ಆದರೆ ಸರೋವರಕ್ಕೆ ಸಲಿಕೆ ಸಾಕಾಯಿತು, ಇಡೀ ಆರ್ಕ್ಟಿಕ್‌ಗೆ ಸಾಲದು. ಅಲ್ಲಿ ನಿನಗೆ ಏನು ಬೇಕು ಅಂತ ತೀರ್ಮಾನಿಸೋಕೆ ಮತ್ತೆ ಎಣಿಕೆಗೇ ಬರಬೇಕು. ನನ್ನ ಪ್ರಕಾರ ಅಲಾಸ್ಕದ ಆ ಬೇಟೆಗಾರರು ಕೊಡೋ ಮಾದರಿಗಳಷ್ಟು ಒಳ್ಳೆಯ ದಾಖಲೆ ಬೇರೆ ಇಲ್ಲ. ವರ್ಷ ವರ್ಷವೂ ಸಿಗುತ್ತೆ, ಹಲ್ಲಿನಿಂದ ವಯಸ್ಸು ತಿಳಿಯುತ್ತೆ, ಗರ್ಭಕೋಶದಿಂದ ಹೆರಿಗೆ ತಿಳಿಯುತ್ತೆ.

ವಿದ್ಯಾರ್ಥಿನಿ: ಒಪ್ಪಿದೆ. ಆದರೆ ಬೇಟೆಗಾರನ ಕೈಗೆ ಬರುವುದು ಬದುಕಿ ಉಳಿದ ಸೀಲ್. ಏಪ್ರಿಲ್‌ನಲ್ಲಿ ಛಾವಣಿ ಕುಸಿದು ಸತ್ತ ಮರಿಗೆ ಆ ದಾಖಲೆಯಲ್ಲಿ ಸಾಲೇ ಇಲ್ಲ.

ಮೇಷ್ಟ್ರು: ಇದೆ. ಆ ವರ್ಷದ ಶರತ್ಕಾಲದಲ್ಲಿ ಸಿಕ್ಕ ಸೀಲ್‌ಗಳಲ್ಲಿ ಅದೇ ವರ್ಷ ಹುಟ್ಟಿದವು ಎಷ್ಟು ಪಾಲು ಅಂತ ನೋಡು. ಮರಿಗಳು ಸತ್ತಿದ್ದರೆ ಆ ಪಾಲು ಇಳಿಯಬೇಕು. ಒಂದು ವರ್ಷ ಅಲ್ಲ, ನಾಲ್ಕೈದು ವರ್ಷ ಸತತ ಇಳಿಯಲಿ, ಆಗ ನಾನು ನಿನ್ನ ಪಕ್ಷ.

ವಿದ್ಯಾರ್ಥಿನಿ: ಆ ನಾಲ್ಕೈದು ವರ್ಷದ ಮರಿಗಳೇ ಮುಂದಿನ ತಾಯಂದಿರು ಮೇಷ್ಟ್ರೇ. ರಿಂಗ್ಡ್ ಸೀಲ್ ಮೊದಲ ಮರಿ ಹಾಕಲು ಅಷ್ಟು ವರ್ಷ ಬೇಕು. ನಿಮ್ಮ ಅಂಕಿ ಪಕ್ಕಾ ಆಗುವ ಹೊತ್ತಿಗೆ ಹೆರುವವುಗಳ ಸಾಲಿನಲ್ಲಿ ಅಷ್ಟು ವರ್ಷದ ಖಾಲಿ ಬಿದ್ದಿರುತ್ತದೆ. ಆ ಪಾಲನ್ನು ಪ್ರತಿ ವರ್ಷ ನೋಡೋಣ, ಆದರೆ ಎರಡನೆಯ ವರ್ಷ ಇಳಿದಾಗಲೇ ಕ್ರಮ ತೆಗೆದುಕೊಳ್ಳೋಣ.

ಮೇಷ್ಟ್ರು: ಎರಡು ವರ್ಷದ ಇಳಿಕೆ ಆಕಸ್ಮಿಕವಾಗಿಯೂ ಬರಬಹುದು. ಆಗ ಆ ತೀರದ ಜನರ ಮೇಲೆ ಹೇರಿದ ನಿರ್ಬಂಧವನ್ನು ವಾಪಸ್ ತೆಗೆಯೋರು ಯಾರು?

ವಿದ್ಯಾರ್ಥಿನಿ: ನಿರ್ಬಂಧ ಅವರ ಮೇಲೆ ಬೇಡ. ಮರಿ ಹಾಕುವ ಮಾರ್ಚ್‌ನಿಂದ ಮೇ ತನಕ ಆ ಗಡ್ಡೆಯ ನಡುವೆ ಹೋಗುವ ಹಡಗುಗಳ ಮೇಲೆ, ತೈಲ ಹುಡುಕುವವರ ಮೇಲೆ ಇರಲಿ. ಹಾಗಾದರೆ ಎರಡು ವರ್ಷಕ್ಕೆ ಒಪ್ಪುತ್ತೀರಾ?

ಮೇಷ್ಟ್ರು: ಮೂರು.